ಬದಲಿಗೆ ಬಂದವರು

ಮೂರು ಭಾಷೆ ಬಲ್ಲೆ ಎಂಬ ಜಂಬ ನನಗೆ ಮೊದಲಿನಿಂದಲೂ ಇದೆ. ಓದಿದ್ದು ನಾಲ್ಕನೇ ಇಯತ್ತೆ. ಆದರೆ ಕನ್ನಡವನ್ನು ಅವ್ವ ಕೊಟ್ಟಳು, ಹಿಂದಿಯನ್ನು ಕೂಲಿ ಕೊಟ್ಟಿತು, ಕೊಂಕಣಿಯನ್ನು ಗೋವೆಯ ಬೈಗುಳ ಕಲಿಸಿತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎನ್ನುತ್ತಾರಲ್ಲ, ನನ್ನ ಮಲ್ಲಿಗೆ ಈ ಮೂರು ಭಾಷೆ. ಹೊಟ್ಟೆಪಾಡಿಗೆ ಕುಂಕಳ್ಳಿಯ ಫ್ಯಾಕ್ಟರಿಯೊಂದರಲ್ಲಿ ಮೀನು ಪ್ಯಾಕ್ ಮಾಡುತ್ತೇನೆ. ಉಳಿದ ಹೊತ್ತಿನಲ್ಲಿ ಸಂಬಳವಿಲ್ಲದ ದುಭಾಷಿ. ಆಸ್ಪತ್ರೆಯಲ್ಲಿ, ಪಂಚಾಯಿತಿಯಲ್ಲಿ, ಪೊಲೀಸ್ ಚೌಕಿಯಲ್ಲಿ, ಘಾಟಿನ ಮೇಲಿನ ನಮ್ಮ ಜನ ಬಾಯಿ ಬಾರದೆ ನಿಂತಲ್ಲೆಲ್ಲ ನನಗೆ ಫೋನು ಬರುತ್ತದೆ. ಹೋಗುತ್ತೇನೆ. ಅವರು ಹೇಳಿದ್ದನ್ನು ಇವರಿಗೆ, ಇವರು ಹೇಳಿದ್ದನ್ನು ಅವರಿಗೆ ಮುಟ್ಟಿಸುತ್ತೇನೆ. ನನ್ನದೊಂದು ಮಾತು ಕೂಡಿಸುವುದಿಲ್ಲ, ಅವರದೊಂದು ಮಾತು ಕಳೆಯುವುದಿಲ್ಲ. ಆ ಹೆಮ್ಮೆ ಒಂದು ಹುಡುಗಿಗೆ ಏನು ಮಾಡಿತು ಎಂಬುದನ್ನು ಬರೆದಿಡಬೇಕು ಅನ್ನಿಸಿದ್ದರಿಂದ ಈಗ ಬರೆಯುತ್ತಿದ್ದೇನೆ.

ಈ ಜನವರಿಯ ಒಂದು ಭಾನುವಾರ. ನಮ್ಮ ಓಣಿಯ ನರ್ಸ್ ಬಾಯಿ ಸಾಂಗೆಯ ಆಚೆ ಆರೋಗ್ಯ ಕೇಂದ್ರದಲ್ಲಿ ಕೆಲಸಕ್ಕೆ ಹೋಗುತ್ತಾರೆ. ಅವರು ಫೋನು ಮಾಡಿ, ಒಬ್ಬ ಬಸುರಿ ಬಂದಿದ್ದಾಳೆ, ಏನು ಕೇಳಿದರೂ ತಲೆಯಾಡಿಸುತ್ತಾಳೆ, ಸ್ವಲ್ಪ ಬಂದು ಹೋಗು ಎಂದರು. ನನಗೆ ರಜೆ ಇತ್ತು, ಹೋದೆ.

ಇಪ್ಪತ್ತರ ಆಸುಪಾಸಿನ ಹೆಣ್ಣು. ಏಳು ತಿಂಗಳು. ಮೈಯಲ್ಲಿ ರಕ್ತವೇ ಇಲ್ಲ ಎನ್ನುವಷ್ಟು ಬಿಳಿಚಿದ್ದಳು. ಕೈ ಹಿಡಿದು ನೋಡಿದ ಕೂಡಲೇ ಯಾವ ಕೆಲಸದವಳು ಅಂತ ಗೊತ್ತಾಯಿತು. ಕಬ್ಬು ಕಡಿಯುವವರ ಅಂಗೈ ಸುಟ್ಟ ರೊಟ್ಟಿಯಂತೆ ಇರುತ್ತದೆ, ಬೆರಳ ಸಂದಿಯಲ್ಲಿ ಎಲೆ ಗೀರಿದ ಗೆರೆಗಳು. ನನ್ನ ಕೈಯೂ ಒಂದು ಕಾಲಕ್ಕೆ ಹಾಗೆಯೇ ಇತ್ತು.

ನರ್ಸ್ ಬಾಯಿ ಹೇಳಿದ್ದನ್ನು ಹೇಳಿದೆ. ಭಾರ ಎತ್ತಬಾರದು, ಬಿಸಿಲಿಗೆ ನಿಲ್ಲಬಾರದು, ಊರಿಗೆ ಹೋಗಿ ಮಲಗಬೇಕು. ಅವಳು ಕೇಳಿಸಿಕೊಂಡು ಹೊರಗಿನ ಕಟ್ಟೆಯ ಮೇಲೆ ಬಂದು ಕೂತಳು. ನಾನೂ ಕೂತೆ. ಗಂಡ ಕಬ್ಬಿನ ಹೊಲದಲ್ಲಿದ್ದ. ಅವಳ ಜೊತೆಗೆ ಬಂದಿದ್ದ ಗ್ಯಾಂಗಿನ ಮುದುಕಿ ಗುಳಿಗೆ ತರಲು ಸಾಲಿನಲ್ಲಿ ನಿಂತಿದ್ದಳು.

“ಊರಿಗೆ ಯಾವಾಗ ಹೋಗ್ತಿ?” ಎಂದು ಕೇಳಿದೆ.

“ನನ್ನ ತಂಗಿ ಬಂದ ಕೂಡ್ಲೆ ಹೋಗ್ತೇನ್ರಿ ಅಕ್ಕಾರ.”

“ಕರಕೊಂಡ ಹೋಗಾಕ ಬರ್ತಾಳೇನು?”

“ಅಲ್ರಿ. ಬದಲಿ.”

ಆ ಶಬ್ದವನ್ನು ನಾನು ಎಷ್ಟೋ ವರ್ಷಗಳಿಂದ ಕೇಳಿರಲಿಲ್ಲ. ಅದು ಸತ್ತುಹೋಗಿದೆ ಅಂತಲೇ ತಿಳಿದಿದ್ದೆ.

ಗೊತ್ತಿಲ್ಲದವರಿಗೆ ಹೇಳಬೇಕು. ಕಬ್ಬಿನ ಕೆಲಸದಲ್ಲಿ ಮನುಷ್ಯರನ್ನು ಎಣಿಸುವುದಿಲ್ಲ, ಕೊಯ್ತಾ ಎಣಿಸುತ್ತಾರೆ. ಕೊಯ್ತಾ ಅಂದರೆ ಕಬ್ಬು ಕಡಿಯುವ ಕತ್ತಿ. ಗಂಡ ಹೆಂಡತಿ ಇಬ್ಬರೂ ಕೂಡಿದರೆ ಒಂದು ಕೊಯ್ತಾ. ಗಂಡ ಬುಡಕ್ಕೆ ಕಡಿದು ಹಾಕುತ್ತಾನೆ. ಹೆಂಡತಿ ಒಣ ಎಲೆ ಸುಲಿದು, ತುದಿ ಸವರಿ, ಹೊರೆ ಕಟ್ಟಿ, ತಲೆಯ ಮೇಲೆ ಹೊತ್ತು ಲಾರಿಗೆ ಏರಿಸುತ್ತಾಳೆ. ಮಳೆಗಾಲದಲ್ಲಿಯೇ ಮುಕಾದಮ, ಅಂದರೆ ಗ್ಯಾಂಗಿನ ಯಜಮಾನ, ಊರಿಗೆ ಬಂದು ಜೋಡಿಯ ಕೈಯಲ್ಲಿ ಮುಂಗಡ ಇಟ್ಟು ಹೋಗುತ್ತಾನೆ. ಆವತ್ತಿನಿಂದ ಹಂಗಾಮು ಮುಗಿಯುವವರೆಗೆ ಆ ಕೊಯ್ತಾ ಅವನದು. ನಡುವೆ ಜೋಡಿಯಲ್ಲಿ ಒಬ್ಬರು ಬಿದ್ದರೂ, ಬಸಿರಾದರೂ, ಸತ್ತರೂ ಕೊಯ್ತಾ ನಿಲ್ಲಬಾರದು. ಅದೇ ಮನೆಯಿಂದಲೋ ಹೆಂಡತಿಯ ತವರಿನಿಂದಲೋ ಇನ್ನೊಬ್ಬರು ಬರಬೇಕು. ಅವರೇ ಬದಲಿ. ಇದನ್ನು ಯಾರೂ ಎಲ್ಲಿಯೂ ಬರೆದಿಲ್ಲ, ಆದರೆ ನಮ್ಮ ಕಡೆ ಮೂರು ವರ್ಷದ ಕೂಸಿಗೂ ಗೊತ್ತಿರುತ್ತದೆ.

ನಾನು ಗೋವೆಗೆ ಬಂದದ್ದೇ ಬದಲಿಯಾಗಿ. ಆಗ ನನಗೆ ಹನ್ನೆರಡು. ಅವ್ವ ಮೂರನೇ ಹೆರಿಗೆಯಲ್ಲಿ ಕೂಸನ್ನೂ ಕಳೆದುಕೊಂಡು ಸೊಂಟವನ್ನೂ ಕಳೆದುಕೊಂಡು ಮಲಗಿಬಿಟ್ಟಿದ್ದಳು. ಒಲೆಯನ್ನು ತಂಗಿಯ ಕೈಗೆ ಒಪ್ಪಿಸಿ ಅಪ್ಪನ ಹಿಂದೆ ಲಾರಿ ಹತ್ತಿದೆ. ಲಾರಿ ಘಾಟು ಇಳಿಯುವಾಗ ವಾಂತಿ ಮಾಡಿಕೊಂಡದ್ದು, ಸಾಂಗೆ ಸೀಮೆಯ ಮಂಜಿನಲ್ಲಿ ಒದ್ದೆ ಎಲೆ ಕೊರಳು ಗೀರಿದ್ದು, ಮೊದಲ ವಾರ ಹೊರೆ ಹೊತ್ತು ಕತ್ತು ತಿರುಗಿಸಲಾಗದೆ ಇಡೀ ಮೈಯನ್ನೇ ತಿರುಗಿಸುತ್ತಿದ್ದದ್ದು, ಇಷ್ಟು ನೆನಪಿದೆ. ಗ್ಯಾಂಗಿನವರು ನಕ್ಕು ನನಗೆ ಗೂಬೆ ಅಂತ ಹೆಸರಿಟ್ಟರು. ಅಪ್ಪನಿಗೆ ನನ್ನ ಮೇಲೆ ಸಿಟ್ಟಿರಲಿಲ್ಲ, ಕರುಣೆಯೂ ಇದ್ದಂತಿರಲಿಲ್ಲ. ಕೊಯ್ತಾ ಪೂರ್ತಿಯಾಯಿತು ಎಂಬ ಸಮಾಧಾನ ಮಾತ್ರ ಇತ್ತು. ಹದಿನಾರಕ್ಕೆ ಲಗ್ನವಾಗಿ ಕುಂಕಳ್ಳಿಗೆ ಬಂದೆ, ಕಬ್ಬು ಬಿಟ್ಟಿತು. ನನ್ನ ಗಂಡ ವಾಸ್ಕೋದ ಬಂದರಿನಲ್ಲಿ ಹಮಾಲಿ ಮಾಡುವವನು. ಕೂಲಿಯವನಾದರೇನು, ಕಬ್ಬಿನವನಲ್ಲವಲ್ಲ ಅಂತ ಕಣ್ಣುಮುಚ್ಚಿ ಹೂಂ ಅಂದಿದ್ದೆ.

ಕಟ್ಟೆಯ ಮೇಲಿನ ಹೆಣ್ಣನ್ನು ಕೇಳಿದೆ. “ನಿನ್ನ ತಂಗಿಗೆ ಎಷ್ಟು ವರ್ಷ?”

“ಹದಿಮೂರ ನಡದಾವ್ರಿ. ಸಾಲಿಗೆ ಹೋಗ್ತಾಳ. ಭಾಳ ಶ್ಯಾಣ್ಯಾ ಅದಾಳ್ರಿ, ಗಣಿತ ಅಂತೂ ಮಾಸ್ತರಗ ಹೇಳಿಕೊಡ್ತಾಳ.” ಅಷ್ಟು ಹೇಳುವಾಗ ಮಾತ್ರ ಅವಳ ಮುಖ ಅರಳಿತು. ಆಮೇಲೆ ಮುದುಕಿ ಎಲ್ಲಿದ್ದಾಳೆ ಅಂತ ನೋಡಿ ದನಿ ತಗ್ಗಿಸಿದಳು. “ಆಕೀನ ತರಸದಂಗ ನಾ ಊರಿಗೆ ಹೋಗಾಕ ಏನರ ದಾರಿ ಐತೇನ್ರಿ ಅಕ್ಕಾರ? ನಿಮಗ ಸಾಹೇಬ್ರ ಗುರ್ತ ಇರ್ತಾರ. ನಮ್ಮ ಮನ್ಯಾವ್ರ ಮುಂದ ನಾ ಕೇಳೀನಿ ಅಂತ ಹೇಳಬ್ಯಾಡ್ರಿ.”

ನೋಡೋಣ ಎಂದೆ. ನನ್ನ ನಂಬರು ಬರೆದುಕೊಟ್ಟೆ.

ಮನೆಗೆ ಬಂದು ಮಗಳಿಗೆ ಹೇಳಿದೆ. ಅವಳು ಬಿ.ಎ. ಓದುತ್ತಿದ್ದಾಳೆ, ಇತಿಹಾಸ. ಅವಳ ಪಾಠಗಳನ್ನು ನಾನು ರೊಟ್ಟಿ ಬಡಿಯುತ್ತಾ ಕೇಳುವುದು ರೂಢಿ, ಅವಳಿಗೂ ಗಟ್ಟಿಯಾಗಿ ಓದಿದರೇ ತಲೆಗೆ ಹತ್ತುವುದು. ಆ ತಿಂಗಳು ಅವಳ ಪಾಠ ಗುಲಾಮರದು. ಆಫ್ರಿಕಾದಿಂದ ಜನರನ್ನು ಹಡಗಿನಲ್ಲಿ ಒಟ್ಟಿ ಸಮುದ್ರದಾಚೆಯ ನಡುಗಡ್ಡೆಗಳಿಗೆ ಒಯ್ದರಂತೆ, ಬೇರೇನಕ್ಕೂ ಅಲ್ಲ, ಕಬ್ಬು ಕಡಿಯಲಿಕ್ಕೆ. ದೊರೆಗಳ ದೇಶದಲ್ಲಿ ಚಹಾ ಸಿಹಿಯಾಗಬೇಕಿತ್ತು. ಬರಬರುತ್ತಾ ಅಲ್ಲಿಯ ಕೆಲವು ಹೆಂಗಸರಿಗೆ ಮನಸ್ಸು ಕರಗಿ, ಈ ಸಕ್ಕರೆ ನಮಗೆ ಬೇಡ ಎಂದು ಬಿಟ್ಟುಬಿಟ್ಟರಂತೆ. ನಾನು ನಕ್ಕೆ. ಬಿಡಲಿಕ್ಕೆ ಮೊದಲು ಇರಬೇಕಲ್ಲ! ನಾವು ಕಬ್ಬಿನ ಹೊಲದಲ್ಲಿದ್ದಷ್ಟು ವರ್ಷ ಕರಿ ಚಹಾ ಕುಡಿದೆವು, ಬೆಲ್ಲ ಇದ್ದರೆ ಬೆಲ್ಲ, ಇಲ್ಲದಿದ್ದರೆ ಬರೀ ಬಿಸಿ.

ಕೊನೆಗೆ ಗುಲಾಮಗಿರಿ ರದ್ದು ಅಂತ ಕಾಯ್ದೆ ಬಂತಂತೆ. “ಪರಿಹಾರ ಕೊಟ್ರಂತ ಅವ್ವಾ. ಯಾರಿಗೆ ಹೇಳು?” ಎಂದು ಮಗಳು ಕೇಳಿದಳು.

“ಧಣಿಗೆ,” ಎಂದೆ.

ಅವಳು ಪುಸ್ತಕ ಕೆಳಗಿಟ್ಟು ನನ್ನನ್ನೇ ನೋಡಿದಳು. ತಾನು ಪುಟ ತಿರುವಿ ತಿಳಿದುಕೊಂಡದ್ದು ಅವ್ವನಿಗೆ ಹೇಗೆ ಗೊತ್ತು ಅಂತ. ಅದರಲ್ಲೇನಿದೆ? ಎತ್ತು ಬಿಟ್ಟು ಕೊಡುವವನು ದುಡ್ಡನ್ನು ನನಗಲ್ಲ, ಎತ್ತಿಗೆ ಕೊಡಿರಿ ಅನ್ನುತ್ತಾನೆಯೇ? ಬಿಡುಗಡೆ ಅಂದ ಮೇಲೂ ಕೆಲವು ವರ್ಷ ಅದೇ ಹೊಲದಲ್ಲಿ, ಕೆಲಸ ಕಲಿಯುವವರು ಎಂಬ ಹೆಸರಿನಲ್ಲಿ ಇಟ್ಟುಕೊಂಡರಂತೆ. ಹುಟ್ಟಿದಾಗಿನಿಂದ ಕಬ್ಬು ಕಡಿದವರಿಗೆ ಇನ್ನೇನು ಕಲಿಸುವುದಿತ್ತೋ. ಅದೂ ಮುಗಿದ ಮೇಲೆ, ಅವರ ಜಾಗಕ್ಕೆ ನಮ್ಮ ದೇಶದ ಬಡವರಿಂದ ಹೆಬ್ಬೆಟ್ಟು ಒತ್ತಿಸಿಕೊಂಡು ಹಡಗು ಹತ್ತಿಸಿದರಂತೆ. ಅಂದರೆ ಅವರಿಗೂ ಬದಲಿ ಬಂದರು.

“ನಮ್ಮ ದೇಶದಾಗೂ ಕಾಯ್ದೆ ಐತಿ. ಹಿಂಗ ಮಂದೀನ ಇಟ್ಕೊಳ್ಳೂದು ಜೀತ. ಅರ್ಜಿ ಹಾಕೂಣು,” ಎಂದಳು ಮಗಳು. ಇಂಗ್ಲಿಷಿನಲ್ಲಿ ಬರೆದಳು. ಬಸುರಿ ಹೆಂಗಸನ್ನು ಬಿಡುತ್ತಿಲ್ಲ, ಅವಳ ಬದಲಿಗೆ ತಂಗಿಯನ್ನು ಕರೆಸುತ್ತಿದ್ದಾರೆ ಅಂತ. ಕೆಳಗೆ ನಾನು ಕನ್ನಡದಲ್ಲಿ ಸಹಿ ಹಾಕಿದೆ.

ಹತ್ತು ದಿನಕ್ಕೆ ಕಲೆಕ್ಟರ್ ಕಚೇರಿಯಿಂದ ಕರೆ ಬಂತು. ಸಾಹೇಬರು ವಿಚಾರಣೆಗೆ ಹೊಲಕ್ಕೇ ಬರುತ್ತಾರೆ, ಅರ್ಜಿ ಕೊಟ್ಟವರಿಗೆ ಕನ್ನಡವೂ ಬರುತ್ತದಂತೆ, ದುಭಾಷಿಯಾಗಿ ಬರಲು ಆಗುತ್ತದೆಯೇ ಅಂತ. ಆಗುತ್ತದೆ ಎಂದೆ. ಇದ್ದುದರಲ್ಲಿ ಚಲೋ ಸೀರೆ ಉಟ್ಟೆ.

ಸಾಹೇಬರ ಬಗ್ಗೆ ನಾನು ಕೆಟ್ಟದ್ದು ಹೇಳಲಾರೆ. ಇನ್ನೂ ಚಿಕ್ಕ ವಯಸ್ಸು, ಮೃದು ಮಾತು. ಜೀಪಿನಿಂದ ಇಳಿದವರೇ ಮುಕಾದಮನನ್ನು ದೂರ, ಹೊಳೆಯ ದಂಡೆಯವರೆಗೆ ಕಳಿಸಿದರು. ಗ್ಯಾಂಗಿನವರನ್ನು ಬಿಸಿಲಲ್ಲಿ ನಿಲ್ಲಿಸದೆ ಗೇರುಮರದ ನೆರಳಿಗೆ ಕರೆದರು. ನನಗೊಂದು ಕುರ್ಚಿ ಹಾಕಿಸಿದರು. ಸರಕಾರದ ಮುಂದೆ ನಾನು ಕುರ್ಚಿಯ ಮೇಲೆ ಕೂತದ್ದು ಅದೇ ಮೊದಲು. ಅವರು ಕೊಂಕಣಿಯಲ್ಲಿ ಒಂದೇ ಮಾತು ಕೇಳಿಕೊಂಡರು. ಹಿಂದೊಮ್ಮೆ ಯಾವನೋ ದುಭಾಷಿ ತನ್ನ ಕಥೆಯನ್ನೇ ಸೇರಿಸಿ ಹೇಳಿ ಇಡೀ ಕೇಸು ಕೆಟ್ಟಿತ್ತಂತೆ. ಆದ್ದರಿಂದ, ಬಾಯೀ, ಅವರು ಹೇಳಿದ್ದಷ್ಟನ್ನೇ ಹೇಳು. ನನಗೆ ಹೇಳಬೇಕೇ ಅದನ್ನು!

ಮೊದಲು ಆ ಹೆಣ್ಣಿನ ಗಂಡ ಬಂದು ನಿಂತ. ಇಪ್ಪತ್ತೈದರ ಹುಡುಗ, ಒಣಗಿದ ಮೈ, ಬೆವರಿಗೆ ಅಂಗಿ ಬೆನ್ನಿಗೆ ಅಂಟಿತ್ತು. ಹೆಂಡತಿ ಅವನ ಹಿಂದೆ, ಸೆರಗು ಹೊದ್ದು.

ನಿಮ್ಮನ್ನು ಯಾರಾದರೂ ಒತ್ತಾಯದಿಂದ ಕರೆತಂದರೇ ಎಂದು ಸಾಹೇಬರು ಕೇಳಿದರು.

“ಇಲ್ರಿ. ನಮ್ಮ ಖುಷೀಲೆ ಬಂದೇವ್ರಿ.”

ಈಗಲೇ ಊರಿಗೆ ಹೋಗಬೇಕೆಂದರೆ ಬಿಡುತ್ತಾರೆಯೇ?

ಅವನು ನೆಟ್ಟಗೆ ನಿಂತ. “ಯಾಕ ಬಿಡಂಗಿಲ್ರಿ? ಆದ್ರ ನಾವು ಓಡಿಹೋಗು ಮಂದಿ ಅಲ್ರಿ. ಮಾತ ಕೊಟ್ಟೇವಿ, ಮುಂಗಡ ತಿಂದೇವಿ. ಹಂಗಾಮ ಮುಗಿಸೇ ಹೋಗ್ತೇವಿ.”

ಈ ಉತ್ತರವನ್ನು ಸಾಹೇಬರು ತಿಳಿದುಕೊಳ್ಳಲಾರರು, ನಾನು ಬಲ್ಲೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನನ್ನಪ್ಪ ದಿನಕ್ಕೆ ನಾಲ್ಕು ಸಲ ಅನ್ನುತ್ತಿದ್ದ. ನಮ್ಮ ಊರುಗಳಲ್ಲಿ ಹಂಗಾಮಿನ ನಡುವೆ ಬಿಟ್ಟು ಬಂದವರನ್ನು ಓಡಿಬಂದ ಜೋಡಿ ಅನ್ನುತ್ತಾರೆ. ಆ ಹೆಸರು ಬಿದ್ದ ಮನೆಗೆ ಮುಂದಿನ ವರ್ಷ ಯಾವ ಮುಕಾದಮನೂ ಬರುವುದಿಲ್ಲ, ಆ ಮನೆಯ ಹೆಣ್ಣು ತರಲು ಬೀಗರೂ ಬರುವುದಿಲ್ಲ. ಸಾಹೇಬರು ನಿನ್ನನ್ನು ಹಿಡಿದಿಟ್ಟಿದ್ದಾರೆಯೇ ಎಂದು ಕೇಳಿದರೆ ಆ ಹುಡುಗನಿಗೆ ಕೇಳಿಸಿದ್ದು, ನೀನು ತಿಂದು ಓಡಲು ನೋಡಿದವನೇ ಅಂತ. ಅವನು ತನ್ನ ಮರ್ಯಾದೆಗೆ ಉತ್ತರ ಕೊಟ್ಟ. ನಾನು ಅದನ್ನು ಕೊಂಕಣಿಯಲ್ಲಿ ಹೇಳಿದೆ, ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ.

ಸಾಹೇಬರು ಅರ್ಜಿ ನೋಡಿ ಕೇಳಿದರು. ನಿನ್ನ ಹೆಂಡತಿಯ ತಂಗಿ ಇಲ್ಲಿಗೆ ಬರುತ್ತಾಳೆಯೇ, ಯಾಕೆ?

“ಅಕ್ಕ ಬಸುರಿದ್ದಾಗ ತಂಗಿ ಬಂದು ಕೈಯಾಗ ಕೈ ಆಗೂದು ನಮ್ಮ ಪದ್ಧತಿ ಐತ್ರಿ.”

ಅದನ್ನೂ ಹೇಳಿದೆ. ಸಾಹೇಬರು ಮೊದಲ ಸಲ ನಕ್ಕರು. ನಮ್ಮಲ್ಲಿಯೂ ಹಾಗೆಯೇ, ನನ್ನ ಹೆಂಡತಿಯ ತಂಗಿಯೂ ಬಂದು ಎರಡು ತಿಂಗಳಿದ್ದಳು ಎಂದರು. ಆಮೇಲೆ ಹೆಣ್ಣನ್ನು ಮುಂದೆ ಕರೆದು, ಗಂಡ ಹೇಳಿದ್ದು ನಿಜವೇ ಎಂದು ಕೇಳಿದರು.

ಅವಳು ನನ್ನನ್ನೇ ನೋಡಿದಳು. ಕಟ್ಟೆಯ ಮೇಲೆ ಎಲ್ಲವನ್ನೂ ಹೇಳಿಯಾಗಿತ್ತು, ಇನ್ನು ಹೇಳುವುದು ನನ್ನ ಪಾಲಿನದು ಎಂದು ತಿಳಿದಿದ್ದಳು. ಹತ್ತು ಮಂದಿಯ ಎದುರು ಗಂಡನ ಮಾತನ್ನು ಸುಳ್ಳು ಮಾಡುವ ಹೆಣ್ಣಲ್ಲ ಅವಳು, ಆ ವಯಸ್ಸಿನಲ್ಲಿ ನಾನೂ ಮಾಡುತ್ತಿರಲಿಲ್ಲ. ನಾನೋ, ಕಿವಿ ನಿಮಿರಿಸಿಕೊಂಡು ಅವಳ ಮಾತಿಗಾಗಿ ಕಾಯುತ್ತಿದ್ದೆ, ಬಂದ ಕೂಡಲೇ ಹಿಡಿದು ದಾಟಿಸೋಣ ಅಂತ. ಸ್ವಲ್ಪ ಹೊತ್ತು ನೋಡಿ ಅವಳು ತಲೆ ತಗ್ಗಿಸಿದಳು.

“ಹೌದ್ರಿ,” ಎಂದಳು.

ಹೌದಂತೆ ಎಂದೆ ನಾನು.

ಹೊಲದಲ್ಲಿ ಮಕ್ಕಳು ಯಾರೂ ಕೆಲಸಕ್ಕಿರಲಿಲ್ಲ, ಇಲ್ಲ ಎಂದು ಬರೆದರು. ಎಲ್ಲರೂ ಸ್ವಂತ ಇಚ್ಛೆಯಿಂದ ಬಂದವರು ಎಂದು ಬರೆದರು. ಗಂಡ ಹೆಂಡಿರ ಸಹಿಯ ಕೆಳಗೆ, ಯಥಾವತ್ತಾಗಿ ಹೇಳಿದ್ದೇನೆ ಎಂದು ನಾನೂ ಸಹಿ ಹಾಕಿದೆ. ಸಾಹೇಬರು ತಮ್ಮ ಥರ್ಮಾಸಿನ ಚಹಾದಲ್ಲಿ ಅರ್ಧ ನನಗೆ ಕೊಟ್ಟು, ನಿನ್ನಂಥ ದುಭಾಷಿ ಸಿಕ್ಕರೆ ನಮ್ಮ ಕೆಲಸ ಹಗುರ ಎಂದರು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಕುಂಕಳ್ಳಿ ಬರುವವರೆಗೂ ಆ ಮಾತನ್ನೇ ನೆನೆದೆ. ನಾಚಿಕೆಗೇಡು, ಆದರೆ ಖರೆ.

ಮನೆಯಲ್ಲಿ ಮಗಳು ಒಂದೊಂದೇ ಕೇಳಿದಳು, ಒಂದೊಂದೇ ಹೇಳಿದೆ.

“ಹೆರಿಗಿ ತವರಮನ್ಯಾಗ ಅಂತ ನೀನ ಹೇಳಿದಿ. ತಂಗಿ ಇಲ್ಲಿ ಬಂದು ಯಾರಿಗೆ ಕೈಯಾಗ ಕೈ ಆಗ್ತಾಳ?”

“ಅದನ್ನ ಅವ್ರು ಕೇಳಲಿಲ್ಲ.”

“ನೀ ಹೇಳಬೇಕಿತ್ತು.”

“ದುಭಾಷಿ ತನ್ನದೇನರ ಹೇಳಬಾರದು. ಮೊದಲ ಹೇಳಿದ್ರು.”

“ಅರ್ಜಿ ಹಾಕಿದಾಕಿ ನೀನ. ಮತ್ತ ದುಭಾಷಿ ಆಗಿ ಯಾಕ ಹೋದಿ ಅವ್ವಾ?”

ಅವಳು ದನಿಯೇರಿಸಿರಲಿಲ್ಲ. ಏರಿಸಿದ್ದರೆ ನಾನೂ ಏರಿಸಿ ಜಗಳ ಮಾಡಿ ಮುಗಿಸುತ್ತಿದ್ದೆ.

ಫ್ಯಾಕ್ಟರಿಯಲ್ಲಿ ನನ್ನ ಪಕ್ಕದ ಮೇಜಿನಲ್ಲಿ ಹಳಿಯಾಳದ ಕಡೆಯ ಸಿದ್ದಿ ಹೆಂಗಸೊಬ್ಬಳು ಕೆಲಸ ಮಾಡುತ್ತಾಳೆ. ಹನ್ನೊಂದು ವರ್ಷದ ಗೆಳತಿ. ಅವಳ ಗುಂಗುರು ಕೂದಲು ನೋಡಿ ಯಾವ ದೇಶದವಳು ಎಂದು ಕೇಳಿದವರಿಗೆ ಅವಳು ಅಪ್ಪಟ ಕೊಂಕಣಿಯಲ್ಲಿ ಕೊಡುವ ಉತ್ತರ ಇಲ್ಲಿ ಬರೆಯುವಂಥದ್ದಲ್ಲ. ಅವಳ ಹಿರಿಯರನ್ನು ಪೋರ್ತುಗೀಜರು ಆಫ್ರಿಕಾದಿಂದ ತಂದು ಇದೇ ಗೋವೆಯಲ್ಲಿ ಮಾರಿದ್ದರಂತೆ. ಅದನ್ನು ಅವಳು ನಮ್ಮ ಮನೆಯಲ್ಲಿ ಹಿಂದೆ ಎಮ್ಮೆಯಿತ್ತು ಎನ್ನುವ ಹಾಗೆ ಹೇಳುತ್ತಾಳೆ. ಮರುದಿನ ಐಸಿನಲ್ಲಿ ಕೈ ಇಟ್ಟುಕೊಂಡು ಅವಳಿಗೆ ಎಲ್ಲ ಹೇಳಿದೆ.

“ನಿಮ್ಮ ಮಂದಿ ಕೇಳಿ ಬಿಡಸ್ಕೋಳಾಕ ನೋಡ್ತಾರ. ಕೇಳಿದ್ರ ಯಾವನರ ಬಿಡ್ತಾನೇನು? ನಮ್ಮ ಹಿರೀರು ಯಾರನ್ನೂ ಕೇಳಲಿಲ್ಲ. ಘಾಟ ಹತ್ತಿದ್ರು, ಅಡವಿ ಹೊಕ್ಕರು,” ಎಂದಳು.

ನನಗೆ ಸಿಟ್ಟು ಬಂತು. “ಹಿಂದ ಉಳದಾವ್ರಿಗೆ ಏನಾತು? ಓಡಿದಾವ್ರ ಕೆಲಸಾ ಯಾರ ಮಾಡಿದ್ರು?”

ಅವಳು ಸಿಗಡಿಯ ತಲೆ ಮುರಿಯುತ್ತಿದ್ದವಳು ನಿಲ್ಲಿಸಿದಳು. “ಅದನ್ನ ನಮಗ ಯಾರೂ ಹೇಳಿಲ್ಲ ನೋಡು,” ಎಂದಳು. ಆಮೇಲೆ ಊಟದ ಗಂಟೆಯವರೆಗೂ ಅವಳು ನಗಲಿಲ್ಲ, ಅವಳು ನಗದ ದಿನ ಕಡಿಮೆ.

ವಾರ ಕಳೆಯುವಷ್ಟರಲ್ಲಿ ಆ ಹೆಣ್ಣಿನ ಫೋನು ಬಂತು. ದನಿಯಲ್ಲಿ ಸಂತೋಷವಿತ್ತು.

“ಅಕ್ಕಾರ, ನಾಳಿಗೆ ಊರಿಗೆ ಹೊಂಟೇನ್ರಿ. ನಿಮ್ಮಿಂದ ಭಾಳ ಉಪಕಾರ ಆತು.”

“ಮತ್ತ ತಂಗಿ?”

“ಇವತ್ತ ಬಂದ್ಲರಿ. ಸಾಹೇಬ್ರು ಬಂದು ಹೋದಮ್ಯಾಲ ಮುಕಾದಮ ಹೆದರ್ಯಾನ. ಬಸುರೀನ ಇಟ್ಕೊಂಡ್ರ ಕೇಸ ಆಗ್ತೈತಿ ಅಂತ, ತಾನ ಹೋಗಿ ಆಕೀನ ಕರಕೊಂಡ ಬಂದ. ನೀವು ಅರ್ಜಿ ಕೊಡದಿದ್ರ ಇನ್ನ ಒಂದ ತಿಂಗಳ ನನ್ನ ಇಟ್ಕೋತಿದ್ದ.”

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎನ್ನುವುದು ಇದಕ್ಕೇ. ಬರೆಯ ಕಬ್ಬಿಣವನ್ನು ಕಾಯಿಸಿ ಕೊಟ್ಟವಳು ನಾನು. ಇನ್ನೊಂದು ಅರ್ಜಿ ಕೊಡುತ್ತೇನೆ, ಈಗ ಹೊಲದಲ್ಲಿ ಚಿಕ್ಕ ಹುಡುಗಿ ಇದ್ದಾಳೆ, ಕಣ್ಣಿಗೇ ಕಾಣುತ್ತದೆ, ಯಾರೂ ಇಲ್ಲ ಅನ್ನುವಂತಿಲ್ಲ ಎಂದೆ. ಅವಳ ಸಂತೋಷ ಅಲ್ಲಿಯೇ ನಿಂತಿತು.

“ಬ್ಯಾಡ್ರಿ ಅಕ್ಕಾರ, ಕಾಲ ಬೀಳ್ತೇನಿ. ಆಕೀನ ಒಯ್ದ್ರ ಕೊಯ್ತಾ ಅರ್ಧಾಗ್ತೈತಿ. ನಾನ ತಿರುಗಿ ಬರಬೇಕಾಗ್ತೈತಿ. ಕೂಸು ಉಳ್ಯಾಂಗಿಲ್ರಿ.”

ಮಗಳು ಮಾತ್ರ ಎರಡನೇ ಅರ್ಜಿ ಬರೆದೇ ಬರೆದಳು. ಈ ಸಲ ಹುಡುಗಿಯ ವಯಸ್ಸು ಬರೆದಳು, ಬದಲಿ ಅಂದರೆ ಏನೆಂದು ಬಿಡಿಸಿ ಬರೆದಳು, ಅಕ್ಕನನ್ನು ತಿರುಗಿ ಕರೆಸಬಾರದು ಎಂದೂ ಬರೆದಳು. ನಾನು ಸಹಿ ಹಾಕಿ ಚೀಲದಲ್ಲಿ ಇಟ್ಟುಕೊಂಡೆ. ಸಾಹೇಬರ ಕಾಗದ ಒಂದು ಹುಡುಗಿಯನ್ನು ಹೊಲದಿಂದ ತರಬಹುದು, ಆದರೆ ಆ ಊರಿನಲ್ಲಿ ಮುಕಾದಮ ಬಾಗಿಲಿಗೆ ಬಂದು ನಿಂತಾಗ ಅಲ್ಲಿ ಯಾವ ಸಾಹೇಬರಿರುತ್ತಾರೆ? ಅರ್ಜಿ ಕೊಟ್ಟರೆ ಹೊಲಕ್ಕೆ ಅಕ್ಕ, ಕೊಡದಿದ್ದರೆ ತಂಗಿ. ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡವರ ಪಾಡು ನನ್ನದಾಯಿತು. ಇದನ್ನು ಬರೆಯುವ ಹೊತ್ತಿಗೂ ಆ ಕಾಗದ ನನ್ನ ಚೀಲದಲ್ಲಿಯೇ ಇದೆ, ಹಂಗಾಮು ಇನ್ನೂ ಮುಗಿದಿಲ್ಲ.

ಹುಡುಗಿಯನ್ನು ಒಮ್ಮೆ ನೋಡಿ ಬಂದರೆ ಮನಸ್ಸು ಗಟ್ಟಿಯಾದೀತು ಎಂದು ಕಳೆದ ಭಾನುವಾರ ಹೋದೆ. ಫ್ಯಾಕ್ಟರಿಯ ಹಳೆಯ ಕೈಗವಸು ಎರಡು ಜೊತೆ, ಕೊಬ್ಬರಿ ಎಣ್ಣೆ, ಒಂದಿಷ್ಟು ಶೇಂಗಾ ಹೋಳಿಗೆ ಕಟ್ಟಿಕೊಂಡೆ. ಕಬ್ಬು ಅರ್ಧ ಕಡಿದಾಗಿತ್ತು. ತುಂಬಿದ ಲಾರಿಯೊಂದು ಹೊರಡುತ್ತಿತ್ತು. ಈಗ ಇಲ್ಲಿಯ ಕಬ್ಬೆಲ್ಲ ಘಾಟು ಹತ್ತಿ ನಮ್ಮ ಸೀಮೆಯ ಕಡೆಯ ಗಿರಣಿಗಳಿಗೆ ಹೋಗುತ್ತದೆ, ಕಡಿದವರು ಇಲ್ಲಿಯೇ ಉಳಿಯುತ್ತಾರೆ.

ಹುಡುಗಿ ಭಾವನ ತುಂಬುತೋಳಿನ ಅಂಗಿ ಹಾಕಿಕೊಂಡಿದ್ದಳು. ತೋಳು ಮಡಿಚಿ ಮಡಿಚಿ ಮೊಣಕೈ ದಪ್ಪಗಾಗಿತ್ತು. ಕೊರಳ ಎರಡೂ ಕಡೆ ಎಲೆ ಗೀರಿದ ಗೆರೆಗಳು, ಕೆಲವು ಹಸಿ, ಕೆಲವು ಒಣಗಿದವು. ಭಾವ ದೂರದ ಸಾಲಿನಲ್ಲಿ ಬಗ್ಗಿ ಕಡಿಯುತ್ತಿದ್ದ. ನನ್ನನ್ನು ನೋಡಿದ, ತಲೆಯೆತ್ತಲಿಲ್ಲ. ಎಲ್ಲಿ ಮಲಗುತ್ತೀ ಎಂದು ಹುಡುಗಿಯನ್ನು ಮೊದಲು ಕೇಳಿದೆ. ಮುದುಕಿಯ ಗುಡಿಸಲಿನಲ್ಲಿ ಎಂದಳು. ಅಷ್ಟು ಸಮಾಧಾನ. ಸಾಹೇಬರು ಬಂದಾಗ ದುಭಾಷಿಯಾಗಿದ್ದವಳು ನಾನೇ ಎಂದು ಅಕ್ಕ ಅವಳಿಗೆ ಹೇಳಿಹೋಗಿದ್ದಳು.

“ಸಾಲಿ?”

“ಪರೀಕ್ಷಾಕ್ಕ ಕೂಡ್ರಸ್ತೇನಿ ಅಂದಾರ್ರಿ ನಮ್ಮ ಸಾಲಿ ಸರ್. ಹಂಗಾಮ ಮುಗದಿದ್ರ ಹೋಗ್ತೇನ್ರಿ.” ಮುಗಿದಿರುವುದಿಲ್ಲ ಎಂದು ನನಗೆ ಗೊತ್ತು.

ಅವಳು ಹೊರೆ ಕಟ್ಟುವುದನ್ನು ನೋಡಿದೆ. ಕಬ್ಬಿನ ತುದಿಯ ಹಸಿ ಎಲೆಗಳನ್ನು ಹೊಸೆದು ಅದರಿಂದಲೇ ಬಿಗಿಯಬೇಕು. ಅವಳು ಗಂಟನ್ನು ಮೇಲೆ ಹಾಕುತ್ತಿದ್ದಳು, ಹೊತ್ತಾಗ ಅದು ನೆತ್ತಿಗೆ ಚುಚ್ಚುತ್ತದೆ. ಹಂಗಲ್ಲವ್ವ ಎಂದು ನಾನೇ ಕೂತು, ಎಲೆ ಹೊಸೆದು, ಗಂಟನ್ನು ಪಕ್ಕಕ್ಕೆ ತಂದು ಮಡಿಚಿ ಸಿಕ್ಕಿಸಿದೆ. ಕೈ ಏನನ್ನೂ ಮರೆತಿರಲಿಲ್ಲ. ಹುಡುಗಿ ಕಣ್ಣರಳಿಸಿ ನೋಡಿದಳು.

“ನೀವೂ ಕಡೀತಿದ್ರೇನ್ರಿ ಅವ್ವಾರ?”

“ಹೂಂ. ನಿನಗಿಂತ ಒಂದ ವರ್ಷ ಸಣ್ಣಾಕಿ ಇದ್ದೆ. ನಮ್ಮವ್ವನ ಬದಲಿ ಬಂದಿದ್ದೆ.”

“ಬಿಟ್ಟದ್ದ ಯಾವಾಗ್ರಿ?”

“ಲಗ್ನಾದಾಗ.”

ಅವಳು ನಾನು ಕಲಿಸಿದ ಹಾಗೆ ಇನ್ನೊಂದು ಹೊರೆಗೆ ಎಲೆ ಹೊಸೆಯುತ್ತಾ ಕೇಳಿದಳು. “ನಿಮ್ಮ ಬದಲಿ ಯಾರ ಬಂದ್ರಿ?”

ಇಷ್ಟು ವರ್ಷಗಳಲ್ಲಿ ಇದನ್ನು ನನ್ನನ್ನು ಯಾರೂ ಕೇಳಿರಲಿಲ್ಲ. ಗಂಡ ಕೇಳಿರಲಿಲ್ಲ, ಮಗಳು ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ.

“ನನ್ನ ತಂಗಿ,” ಎಂದೆ.

“ಎಷ್ಟ ವರ್ಷದಾಕಿ ಇದ್ಲರಿ?”

“ಹದಿಮೂರು.”

“ಈಗ ಎಲ್ಲಿ ಅದಾರ್ರಿ?”

“ಮಹಾರಾಷ್ಟ್ರದ ಕಡೆ. ಇನ್ನೂ ಕಡ್ಯಾಕತ್ತಾಳ.”

ಹುಡುಗಿ ಗಂಟನ್ನು ಪಕ್ಕಕ್ಕೆ ತಂದು ಸರಿಯಾಗಿ ಸಿಕ್ಕಿಸಿದಳು. ಒಂದೇ ಸಲಕ್ಕೆ ಕಲಿತಿದ್ದಳು. ಆಮೇಲೆ, ಯಾವ ದೂರೂ ಇಲ್ಲದ ದನಿಯಲ್ಲಿ, ಲೆಕ್ಕ ಬಿಡಿಸಿದ ಹುಡುಗಿ ಉತ್ತರ ಒಪ್ಪಿಸುವಂತೆ ಹೇಳಿದಳು.

“ಹಂಗಾರ ಸಾಹೇಬ್ರು ಬಂದ ದಿನ ನಿಮಗ ಎಲ್ಲಾ ಗೊತ್ತಿತ್ತಲ್ರಿ.”

ದೂರದ ಸಾಲಿನಿಂದ ಭಾವ ಕೂಗಿದ, ಇನ್ನೊಂದು ಲಾರಿ ಬಂದು ನಿಂತಿತ್ತು. ಅವಳು ಹಳೆಯ ಟಾವೆಲ್ಲನ್ನು ಸುತ್ತಿ ಸಿಂಬಿ ಮಾಡಿ ತಲೆಯ ಮೇಲಿಟ್ಟುಕೊಂಡು, ಹೊರೆಯ ಒಂದು ತುದಿ ಹಿಡಿದು ನನ್ನತ್ತ ನೋಡಿದಳು. ಅಷ್ಟು ಭಾರವನ್ನು ಒಬ್ಬರೇ ಎತ್ತಿಕೊಳ್ಳಲು ಆಗುವುದಿಲ್ಲ. ನಾನು ಇನ್ನೊಂದು ತುದಿ ಹಿಡಿದು ಎತ್ತಿ ಅವಳ ತಲೆಯ ಮೇಲೆ ಇಟ್ಟೆ.